ಸಾಕಷ್ಟು

ನಾಲ್ಕನೆಯದೂ ಹೆಣ್ಣಾದಾಗ ಅಪ್ಪ ಇಟ್ಟ ಹೆಸರು
ಸ್ತಮಾತ. ಅಂದರೆ, ನಿಲ್ಲು. ಇನ್ನು ಬೇಡ.
ನಮ್ಮ ಕಡೆಯಾದರೆ ಸಾಕಮ್ಮ ಎನ್ನುತ್ತಿದ್ದರು.

ಪೆರಾಮದ ಹಡಗುಕಟ್ಟೆಯ ಹಿಂದೆ, ಗುಡ್ಡದ ಮೇಲೆ
ಎರಡು ಕೋಣೆ, ಡಬ್ಬಿಯಲ್ಲೊಂದು ತುಳಸಿಯಂಥ ಗಿಡ, ಹೊಲಿಗೆ ಯಂತ್ರ.
ಬೆಸುಗೆಯವರ ದಪ್ಪ ಅಂಗಿಗೆ ಮೂವತ್ತೊಂದು ವರ್ಷ
ತೋಳು ಕೂರಿಸಿದಳು, ಕಿಡಿ ತಿಂದ ತೂತಿಗೆ ತೇಪೆ ಹಾಕಿದಳು,
ತಿಂಗಳಿಗೊಮ್ಮೆ ವಿಮೆಯ ಪುಸ್ತಕಕ್ಕೆ ಚೀಟಿ ಅಂಟಿಸಿದಳು.
ನಾಲಗೆಗೆ ಹತ್ತಿದ ಆ ಅಂಟಿನ ರುಚಿಯನ್ನೇ
ಮುಪ್ಪಿನ ರುಚಿ ಎಂದು ನಂಬಿದ್ದಳು:
ಕೊಂಚ ಸಿಹಿ.

ಆಮೇಲೆ ಸಾಲ ಬಂತು. ಅವಳು ಮಾಡಿದ್ದಲ್ಲ.
ಟಿವಿಯಲ್ಲಿ ಟೈ ಕಟ್ಟಿದವರು
ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂದರು.
ಹಾಸಿಗೆಯನ್ನೇ ಎಳೆದುಕೊಂಡರು.
ಆರುನೂರ ನಲವತ್ತು ಐನೂರಾಯಿತು,
ಐನೂರು ನಾನೂರ ಹನ್ನೆರಡಾಯಿತು,
ಈಸ್ಟರಿನ ಹೆಚ್ಚುವರಿ ಹೋಯಿತು, ಕ್ರಿಸ್‌ಮಸ್ಸಿನದು ಹೋಯಿತು,
ಸಕ್ಕರೆ ಕಾಯಿಲೆಯ ಗುಳಿಗೆ ಪುಕ್ಕಟೆ ಸಿಗುವ ಪಟ್ಟಿಯಿಂದ
ಅವಳ ಹೆಸರೂ ಹೋಯಿತು.
ಆ ಚಳಿಗಾಲ ಗುಡ್ಡದ ತುಂಬ ವಾರ್ನಿಷಿನ ಹೊಗೆ.
ಜನ ಕುರ್ಚಿ ಸುಡುತ್ತಿದ್ದರು. ಇವಳು
ಕಪಾಟಿನ ಬಾಗಿಲು ಸುಟ್ಟಳು. ಒಳಗಿನ ಬಟ್ಟೆಗಳು
ಸ್ನಾನದ ನಡುವೆ ಸಿಕ್ಕಿಬಿದ್ದವರ ಹಾಗೆ ಮುದುಡಿದವು.

ಕರೆಂಟು ಹೋದ ಮೂರನೇ ದಿನ
ಮೇಲಿನ ಮನೆಯ ಲಿರಿಯೆ, ಆಲ್ಬೇನಿಯಾದವಳು,
ಮಹಡಿಯಿಂದ ಒಂದು ವೈರು ಇಳಿಬಿಟ್ಟಳು.
ಕಾನೂನಿಗೆ ವಿರುದ್ಧ ಕಣೇ, ಅಂದಳು ಸ್ತಮಾತ.
ಯಾವ ಕಾನೂನಿಗೆ? ಅಂದಳು ಲಿರಿಯೆ.

ಉತ್ತರ ಸ್ಕೂಟರಿನಲ್ಲಿ ಬಂತು. ಕಲಿರೋಯಿ,
ಪಿಂಚಣಿದಾರರ ಸಂಘದ ವಕೀಲೆ, ಹೆಲ್ಮೆಟ್ಟು ಕಂಕುಳಲ್ಲಿ.
ಒಂದು ಸನ್ನದು ಇದೆ ಅಜ್ಜಿ, ದೇಶದೇಶಗಳು ಕೂಡಿ ಬರೆದದ್ದು,
ನಮ್ಮವರೂ ಸಹಿ ಹಾಕಿದ್ದಾರೆ, ಒಳ್ಳೆಯ ದಿನಗಳಲ್ಲಿ.
ಒಳ್ಳೆಯ ದಿನ ಕೊಟ್ಟ ಮಾತು
ಕೆಟ್ಟ ದಿನಕ್ಕೇ ಅಲ್ಲವೇನೇ, ಅಂದಳು ಮುದುಕಿ.
ಮುಪ್ಪಿನಲ್ಲಿ ಮಾನವಾಗಿ ಬದುಕಲು
ಸಾಕಷ್ಟು ಆಸರೆ ಎಂದಿದೆ ಅದರಲ್ಲಿ.
ಸಾಕಷ್ಟು ಅಂದರೆ ಎಷ್ಟು?
ಕಲಿರೋಯಿ ಪುಟ ತಿರುವಿದಳು. ಹಿಂದಕ್ಕೆ ತಿರುವಿದಳು.

ಸ್ತಮಾತ ಕೊರಳಿನ ಟೇಪು ತೆಗೆದು ಮೇಜಿಗಿಟ್ಟಳು:
ಮೈ ಅಳೆಯದೆ ಬಟ್ಟೆಗೆ ಕತ್ತರಿ ಹಾಕಿದ್ದರೆ
ನಮ್ಮ ಅಂಗಡಿಯಲ್ಲಿ ಅವತ್ತೇ ಕೆಲಸ ಹೋಗುತ್ತಿತ್ತು.
ನನ್ನನ್ನು ಅಳೆದವರು ಯಾರು? ಯಾವತ್ತು ಬಂದಿದ್ದರು?
ಬರೆದುಕೋ ಇದನ್ನ.

ಬರೆದುಕೊಂಡಳು. ಕಾಗದ ಕಡಲು ದಾಟಿ
ಕೊಕ್ಕರೆಗಳು ಗೂಡು ಕಟ್ಟುವ ಸ್ಟ್ರಾಸ್‌ಬರ್ಗಿನ
ಒಂದು ಉದ್ದ ಮೇಜು ಸೇರಿತು. ಒಂದು ಚಳಿಗಾಲ. ಮತ್ತೊಂದು.
ಕಪಾಟು ಮುಗಿದು ಮಂಚದ ತಲೆಹಲಗೆ.
ಕೊನೆಗೆ ಬಂದ ಅರವತ್ತು ಪುಟವನ್ನು
ಕಲಿರೋಯಿ ಎರಡು ಮಾತಿಗೆ ಇಳಿಸಿದಳು:
ಕಷ್ಟವಿತ್ತು, ನಿಜ.
ಆದರೂ ಅಳೆಯದೆ ಕತ್ತರಿಸಿದಿರಿ, ತಪ್ಪು.

ಮೂರು ಸಲ ಓದಿಸಿಕೊಂಡಳು.
ದುಡ್ಡು?
ಇಲ್ಲ ಅಜ್ಜಿ. ಆ ಮೇಜಿಗೆ ಬಾಯಿದೆ, ಕೈಯಿಲ್ಲ.
ಹೂಂ, ಅಂದಳು. ಬಾಯಾದರೂ ಇದೆ.

ಇದನ್ನೆಲ್ಲ ನನಗೆ ಹೇಳಿದ್ದು ಮೊನ್ನೆ ಮೊನ್ನೆ,
ನಮ್ಮ ಹಡಗು ರಿಪೇರಿಗೆ ನಿಂತ ನಲವತ್ತು ದಿನದಲ್ಲಿ.
ಬಿಕ್ಕಟ್ಟು ಮುಗಿಯಿತಂತೆ ಈಗ. ಸಾಲ ಕೊಟ್ಟವರು
ಕೈಕುಲುಕಿ ಹೋದರಂತೆ. ನಾನೂರ ಹನ್ನೆರಡು
ನಾನೂರ ಮೂವತ್ತಾಗಿದೆ. ವೈರು ಇನ್ನೂ ಇಳಿಬಿದ್ದಿದೆ.
ಗುರುವಾರ ಗುರುವಾರ ಸಂಘದವರೊಡನೆ ಸಚಿವಾಲಯದ ಮುಂದೆ
ಟೇಪು ಕೊರಳಿಗೆ ಹಾಕಿಕೊಂಡೇ ನಿಲ್ಲುತ್ತಾಳೆ,
ತೀರ್ಪಿನ ಆ ಪುಟ ರವಿಕೆಗೆ ಪಿನ್ನು ಚುಚ್ಚಿ.

ನಮ್ಮ ನುಡಿಯಲ್ಲಿ ಸಾಕು ಎಂದರೆ ನಿಲ್ಲಿಸು,
ಸಾಕು ಎಂದರೆ ಹೊಟ್ಟೆ ತುಂಬಿತು,
ಸಾಕು ಎಂದರೆ ಕೈಬಿಡದೆ ಪೊರೆ ಎಂದು
ನನ್ನ ಹರುಕು ಗ್ರೀಕಿನಲ್ಲಿ ಹೇಳಹೊರಟೆ.
ಎಷ್ಟು ತಲುಪಿತೋ ತಿಳಿಯದು. ಅವಳ ಕಣ್ಣು
ಗಿಡ್ಡವಾದ ನನ್ನ ತೋಳಿನ ಮೇಲಿತ್ತು.
ಇತ್ತ ಬಾ, ಅಂದಳು. ಯಾರು ಹೊಲಿದದ್ದು ಇದು?
ಹೆಗಲಿಂದ ಮಣಿಕಟ್ಟಿಗೆ ಟೇಪು ಎಳೆದು
ಅಲುಗಬೇಡ ಎಂದು ಗದರಿ
ಒಂದೊಂದೇ ಅಂಕಿಯನ್ನು ಜೋರಾಗಿ ಹೇಳತೊಡಗಿದಳು.